ಗುಬ್ಲ, ಬಿಬ್ಲೋಸ್, ಬೈಬಲ್

ಕೆಲವು ತಿಂಗಳ ಹಿಂದೆ ಆಕಾಶವಾಣಿಯಲ್ಲಿ ಪದಗಳ ಪ್ರವಾಸವನ್ನು ಕುರಿತು ಮಾತನಾಡಿದ್ದೆ. ಊರಿನ ಹೆಸರು ಸರಕಿನ ಹೆಸರಾಗುವ ಬಗೆಯನ್ನು ವಿವರಿಸುತ್ತ, ಕೋಳಿಕ್ಕೋಡಿನಿಂದ ಹೊರಟ ಹತ್ತಿಯ ಬಟ್ಟೆ ಇಂಗ್ಲಿಷರ ಬಾಯಲ್ಲಿ ‘ಕ್ಯಾಲಿಕೋ’ ಆದದ್ದನ್ನೂ, ನಮ್ಮಲ್ಲಿ ಇಳಕಲ್ಲಿನ ಹೆಸರೇ ಒಂದು ಬಗೆಯ ಸೀರೆಗೆ ನಿಂತದ್ದನ್ನೂ ಹೇಳಿದ್ದೆ. ಅದರ ಬೆನ್ನಿಗೇ, ‘ಬೈಬಲ್’ ಎಂಬ ಮಾತೂ ಹಾಗೆಯೇ ಹುಟ್ಟಿದ್ದು ಎಂದುಬಿಟ್ಟೆ. ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿ ಬಿಬ್ಲೋಸ್ ಎಂಬ ಪ್ರಾಚೀನ ಪಟ್ಟಣವಿತ್ತು. ಈಜಿಪ್ಟಿನ ಪ್ಯಾಪಿರಸ್ ಹಾಳೆ ಆ ರೇವಿನ ಮೂಲಕ ಗ್ರೀಕರಿಗೆ ತಲುಪುತ್ತಿತ್ತು. ಆದುದರಿಂದ ಗ್ರೀಕರು ಹಾಳೆಗೂ ಹಾಳೆಯಲ್ಲಿ ಬರೆದ ಗ್ರಂಥಕ್ಕೂ ಊರಿನ ಹೆಸರನ್ನೇ ಇಟ್ಟರು. ಅದರಿಂದ ಬೈಬಲ್ ಬಂತು. ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದ ಮಾತು. ನಾಲಗೆಗೆ ಅಭ್ಯಾಸವಾಗಿತ್ತು.

ಭಾಷಣ ಪ್ರಸಾರವಾದ ವಾರದೊಳಗೆ ಒಂದು ಕಾರ್ಡು ಬಂತು. ಬರೆದವರು ತಾಲ್ಲೂಕು ಕೇಂದ್ರವೊಂದರಲ್ಲಿ ನೆಲಸಿರುವ ನಿವೃತ್ತ ಕನ್ನಡ ಪಂಡಿತರು. ಕುಶಲಪ್ರಶ್ನೆಯಾದ ಮೇಲೆ ಅವರು ಕೇಳಿದ್ದು ಇಷ್ಟು: “ಆ ಊರಿನವರು ತಮ್ಮ ಊರನ್ನು ಗುಬ್ಲ ಎನ್ನುತ್ತಿದ್ದರೆಂದು ತಾವೇ ಅಪ್ಪಣೆ ಕೊಡಿಸಿದಿರಿ. ಗಕಾರ ಬಕಾರವಾದದ್ದು ಯಾವ ಸೂತ್ರದಿಂದ? ನಮ್ಮಲ್ಲಿ ಪಾಲು ಹಾಲಾಯಿತು, ವನ ಬನವಾಯಿತು. ಎರಡಕ್ಕೂ ಲಕ್ಷ್ಯ ಉಂಟು, ಲಕ್ಷಣ ಉಂಟು. ಇದಕ್ಕೆ ಏನುಂಟು?”

ಉತ್ತರ ಬರೆಯಲು ಕುಳಿತೆ. ಬರೆಯಲಾಗಲಿಲ್ಲ. ಪುಸ್ತಕಗಳನ್ನು ತೆಗೆದು ನೋಡುತ್ತ ಹೋದಂತೆ, ನಾನು ಅಷ್ಟು ಧಾರಾಳವಾಗಿ ಹಂಚಿದ್ದ ವ್ಯುತ್ಪತ್ತಿ ಎಷ್ಟು ಸಡಿಲವಾದ ನೆಲದ ಮೇಲೆ ನಿಂತಿದೆ ಎಂಬುದು ಗೊತ್ತಾಯಿತು. ಆ ಕಾರ್ಡಿಗೆ ಕೊಡಬೇಕಾಗಿದ್ದ ಉತ್ತರವೇ ಇಂದಿನ ಈ ಮಾತು.

ಮೊದಲು ಊರನ್ನು ನೋಡೋಣ. ಲೆಬನಾನಿನ ರಾಜಧಾನಿ ಬೇರೂತಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಕಡಲಿಗೆ ಚಾಚಿಕೊಂಡ ಒಂದು ದಿಣ್ಣೆ ಸಿಕ್ಕುತ್ತದೆ. ಅದರ ಮಗ್ಗುಲಲ್ಲಿ ಪುಟ್ಟ ಬಂದರು, ಬೆನ್ನಿಗೆ ಒಂದು ಕಾಲದಲ್ಲಿ ದೇವದಾರುವಿನ ದಟ್ಟ ಕಾಡಿದ್ದ ಬೆಟ್ಟಸಾಲು. ಹೊಸ ಶಿಲಾಯುಗದಲ್ಲಿಯೇ ಅಲ್ಲಿ ಬೆಸ್ತರು ಗುಡಿಸಲು ಹಾಕಿದ್ದರು. ಅಂದಿನಿಂದ ಇಂದಿನವರೆಗೆ ಅಲ್ಲಿ ಜನ ವಾಸವಾಗಿದ್ದಾರೆ. 1984ರಲ್ಲಿ ಯುನೆಸ್ಕೋ ಆ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಬಾಳಿದವರು ಕಾನಾನ್ಯರು. ಕಾನಾನ್ ಎಂದೊಡನೆ ನಮಗೆ ನೆನಪಾಗುವುದು ಇಸ್ರಾಯೇಲ್ಯರಿಗೆ ವಾಗ್ದಾನವಾದ ನಾಡು. ಆದರೆ ಆ ಹೆಸರು ಉತ್ತರದ ಈ ಕಡಲತೀರಕ್ಕೂ ಸಲ್ಲುತ್ತಿತ್ತು. ಈ ತೀರದ ಕಾನಾನ್ಯರನ್ನೇ ಗ್ರೀಕರು ಮುಂದೆ ಫಿನೀಷಿಯನ್ನರೆಂದು ಕರೆದರು.

ಊರಿನವರು ತಮ್ಮ ಹೆಸರನ್ನು ಬರೆಯುತ್ತಿದ್ದುದು ಮೂರೇ ವ್ಯಂಜನಗಳಲ್ಲಿ: ಗ್, ಬ್, ಲ್. ಅವರ ಲಿಪಿಯಲ್ಲಿ ಸ್ವರಕ್ಕೆ ಚಿಹ್ನೆಯಿರಲಿಲ್ಲ. ನಡುವೆ ಯಾವ ಸ್ವರವಿತ್ತೆಂಬುದನ್ನು ನೆರೆಹೊರೆಯವರಿಂದ ತಿಳಿಯಬೇಕು. ಅಕ್ಕಾಡಿಯನ್ ಭಾಷೆಯ ಮಣ್ಣಿನ ಹಲಗೆಗಳು ‘ಗುಬ್ಲ’ ಎನ್ನುತ್ತವೆ. ಹೀಬ್ರೂ ಭಾಷೆಯಲ್ಲಿ ‘ಗೆಬಲ್’. ಈಜಿಪ್ಟಿನವರಲ್ಲಿ ಲಕಾರಕ್ಕೆ ಬೇರೆ ಅಕ್ಷರವೇ ಇರಲಿಲ್ಲ. ಅವರು ‘ಕ್‌ಬ್‌ನ್’ ಎಂದು ಬರೆದರು, ಮುಂದೆ ಅದು ‘ಕ್‌ಪ್‌ನ್’ ಆಯಿತು. ಈ ಎಲ್ಲ ರೂಪಗಳಲ್ಲಿಯೂ ಮೊದಲ ಅಕ್ಷರ ಕವರ್ಗದ್ದೇ ಎಂಬುದನ್ನು ಗಮನಿಸಬೇಕು. ಪವರ್ಗದಿಂದ ಆರಂಭಿಸಿದವರು ಗ್ರೀಕರು ಮಾತ್ರ.

ಈ ಗ್-ಬ್-ಲ್ ಎಂಬುದಕ್ಕೆ ಅರ್ಥವೇನು? ಎರಡು ಬಗೆಯ ಉತ್ತರಗಳಿವೆ. ಸೆಮಿಟಿಕ್ ಭಾಷೆಗಳಲ್ಲಿ ಇದೇ ಮೂರು ವ್ಯಂಜನಗಳ ಧಾತು ಎಲ್ಲೆ, ಗಡಿ, ಬೆಟ್ಟ ಎಂಬ ಅರ್ಥಗಳನ್ನು ಕೊಡುತ್ತದೆ. ಹೀಬ್ರೂವಿನಲ್ಲಿ ‘ಗೆಬೂಲ್’ ಎಂದರೆ ಸೀಮೆ. ಅರಬ್ಬಿಯಲ್ಲಿ ‘ಜಬಲ್’ ಎಂದರೆ ಬೆಟ್ಟ. ಕಡಲಿಗೂ ಬೆಟ್ಟಕ್ಕೂ ನಡುವೆ ಇಕ್ಕಟ್ಟಾದ ನೆಲದಲ್ಲಿ ದಿಣ್ಣೆಯ ಮೇಲೆ ಕೂತ ಊರಿಗೆ ಈ ಹೆಸರು ಒಪ್ಪುತ್ತದೆ. ಇನ್ನು ಕೆಲವರು ಹೆಸರನ್ನು ಒಡೆದು, ‘ಗುಬ್’ ಎಂದರೆ ಬಾವಿ, ‘ಏಲ್’ ಎಂದರೆ ದೇವರು, ಸೇರಿ ‘ದೇವರ ಬಾವಿ’ ಎನ್ನುತ್ತಾರೆ. ಪಟ್ಟಣದ ನಡುವೆ ಕುಡಿಯುವ ನೀರಿನ ಆಳವಾದ ಬುಗ್ಗೆಬಾವಿ ಇದ್ದದ್ದೂ ನಿಜ. ಬಿಬ್ಲೋಸಿನವನೇ ಆದ ಫೈಲೋ ಎಂಬ ಗ್ರಂಥಕರ್ತ ಕ್ರಿ.ಶ. ಎರಡನೆಯ ಶತಮಾನದಲ್ಲಿ, ಏಲ್ ದೇವರೇ ಫಿನೀಷಿಯದ ಮೊದಲ ಪಟ್ಟಣವಾಗಿ ಇದನ್ನು ಕಟ್ಟಿದನೆಂದು ಬರೆದ. ಊರಿನವರಿಗೆ ಪ್ರಿಯವಾದ ಕಥೆ. ಆದರೂ ನನ್ನ ಒಲವು ಬೆಟ್ಟದ ಕಡೆಗೇ. ಊರಿನ ಹೆಸರನ್ನು ಎರಡಾಗಿ ಸೀಳಿ ಒಂದು ಕಥೆಯನ್ನು ಹೊಂದಿಸುವ ಚಟ ಎಲ್ಲ ನಾಡಿನಲ್ಲಿಯೂ ಉಂಟು. ಬೆಂದಕಾಳೂರಿನ ಕಥೆಯನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಕಥೆಯ ವೀರಬಲ್ಲಾಳನಿಗಿಂತ ಬಹು ಹಿಂದೆ, ಒಂಬತ್ತನೆಯ ಶತಮಾನದ ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂದೇ ಇದೆ.

ಊರಿನ ಹೆಸರು ಸಾಮಾನ್ಯನಾಮವಾಗಿ ತಿರುಗಿದ ಒಂದು ನಿಸ್ಸಂದೇಹವಾದ ಉದಾಹರಣೆ ಈ ಪಟ್ಟಣಕ್ಕೇ ಇದೆ. ಆದರೆ ಅದು ಗ್ರೀಕರದಲ್ಲ, ಈಜಿಪ್ಟಿನವರದು. ನೈಲ್ ನದಿಯ ದಡದಲ್ಲಿ ಒಳ್ಳೆಯ ಮರವಿಲ್ಲ. ದೋಣಿಗೆ, ದೇವಾಲಯದ ಬಾಗಿಲಿಗೆ, ಅರಸರ ಶವಪೆಟ್ಟಿಗೆಗೆ ಲೆಬನಾನಿನ ಮರವೇ ಬೇಕು. ಕ್ರಿ.ಪೂ. ಮೂರನೆಯ ಸಹಸ್ರಮಾನದಿಂದಲೇ ಈಜಿಪ್ಟಿನ ಹಡಗುಗಳು ಗುಬ್ಲಕ್ಕೆ ಹೋಗಿಬರುತ್ತಿದ್ದವು. ಕಡಲಿನಲ್ಲಿ ಹೋಗುವ ದೊಡ್ಡ ಹಡಗಿಗೆ ಈಜಿಪ್ಟಿನವರು ‘ಗುಬ್ಲದ ಹಡಗು’ ಎಂದೇ ಹೆಸರಿಟ್ಟರು. ಎಷ್ಟರ ಮಟ್ಟಿಗೆ ಎಂದರೆ, ಗುಬ್ಲದ ದಿಕ್ಕಿಗೇ ಸಂಬಂಧವಿಲ್ಲದ ಕೆಂಪು ಸಮುದ್ರದಲ್ಲಿ, ಪುಂಟ್ ಎಂಬ ದಕ್ಷಿಣದ ನಾಡಿಗೆ ಧೂಪದ್ರವ್ಯ ತರಲು ಹೊರಟ ಹಡಗೂ ‘ಗುಬ್ಲದ ಹಡಗೇ’. ತುಮಕೂರಿನಲ್ಲಿ ಸುಟ್ಟ ಹಂಚನ್ನೂ ನಾವು ಮಂಗಳೂರು ಹಂಚು ಎನ್ನುವುದಿಲ್ಲವೆ?

ಇನ್ನು ಕಾಗದದ ವಿಚಾರ. ಪ್ಯಾಪಿರಸ್ ನೈಲ್ ನದಿಯ ಜೌಗಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಜೊಂಡಿನ ಜಾತಿಯ ಗಿಡ. ಅದರ ಮೂರು ಮೂಲೆಯ ಕಾಂಡದ ಒಳತಿರುಳನ್ನು ತೆಳ್ಳನೆಯ ಪಟ್ಟಿಗಳಾಗಿ ಸೀಳಿ, ಉದ್ದಕ್ಕೊಂದು ಪದರ ಅಡ್ಡಕ್ಕೊಂದು ಪದರ ಹಾಸಿ, ಒತ್ತಿ ಒಣಗಿಸಿದರೆ ಹಾಳೆಯಾಗುತ್ತದೆ. ಹಾಳೆಗೆ ಹಾಳೆ ಅಂಟಿಸಿದರೆ ಸುರುಳಿ. ಗ್ರೀಕರು ಈ ಗಿಡಕ್ಕೂ ಅದರ ನಾರಿಗೂ ‘ಬುಬ್ಲೋಸ್’ ಅಥವಾ ‘ಬಿಬ್ಲೋಸ್’ ಎಂದರು. ಊರಿಗೂ ಅದೇ ಮಾತು, ಅದೇ ಅಕ್ಷರ. ಗ್ರಂಥಕ್ಕೆ ‘ಬಿಬ್ಲಿಯೊನ್’. ಹೆಸರು ಊರಿನಿಂದ ಗಿಡಕ್ಕೆ ಹೋಯಿತೆನ್ನುವವರ ವಾದಕ್ಕೆ ಮುಖ್ಯ ಆಧಾರ ಈ ಸಾಮ್ಯವೇ. ಮತ್ತೊಂದು ಆಧಾರವನ್ನು ಅವರು ತಪ್ಪದೆ ಕೊಡುತ್ತಾರೆ. ಅದು ವೆನಾಮೂನನ ಕಥೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಕ್ರಿ.ಪೂ. ಹನ್ನೊಂದನೆಯ ಶತಮಾನದ ಆರಂಭದ ಮಾತು. ಈಜಿಪ್ಟಿನ ಹಿಂದಿನ ವೈಭವ ಕುಗ್ಗಿತ್ತು. ಅಮೂನ್ ದೇವರ ದೋಣಿಗೆ ಮರ ತರಲು ದೇವಾಲಯದ ಅಧಿಕಾರಿ ವೆನಾಮೂನ್ ಗುಬ್ಲಕ್ಕೆ ಹೊರಟ. ದಾರಿಯಲ್ಲಿ ಅವನ ಬಳಿಯಿದ್ದ ಬೆಳ್ಳಿಬಂಗಾರ ಕಳವಾಯಿತು. ಬರಿಗೈಯಲ್ಲಿ ರೇವಿಗೆ ಬಂದವನಿಗೆ ಅಲ್ಲಿನ ಅರಸ ಜಕರ್‌ಬಾಲ್ ದಿನವೂ ಆಳನ್ನು ಕಳುಹಿಸಿ ತನ್ನ ಬಂದರಿನಿಂದ ತೊಲಗಲು ಹೇಳಿಸಿದ. ಹೀಗೆ 29 ದಿನ. ಕಡೆಗೊಮ್ಮೆ ಮಹಡಿಯ ಕೋಣೆಯಲ್ಲಿ ದರ್ಶನವಾಯಿತು. ಅರಸ ಕಿಟಕಿಗೆ ಬೆನ್ನುಮಾಡಿ ಕುಳಿತಿದ್ದ. ಅವನ ತಲೆಯ ಹಿಂದೆ ಮಹಾಸಮುದ್ರದ ಅಲೆಗಳು ಅಪ್ಪಳಿಸುತ್ತಿದ್ದವು. ಮೂರು ಸಾವಿರ ವರ್ಷಗಳ ಹಿಂದಿನ ಗದ್ಯದಲ್ಲಿ ಇಂಥ ಚಿತ್ರ ಸಿಕ್ಕಿದಾಗ ವ್ಯುತ್ಪತ್ತಿಯನ್ನು ಮರೆತು ಅದನ್ನೇ ನೋಡುತ್ತ ಕೂರಬೇಕೆನಿಸುತ್ತದೆ. ಹಿಂದೆ ಮರಕ್ಕೆ ಹಣ ಕೊಡುತ್ತಿದ್ದರೇ ಎಂಬ ಚರ್ಚೆ ಬಂತು. ಅರಸ ತನ್ನ ಹಿರಿಯರ ಲೆಕ್ಕದ ಸುರುಳಿಗಳನ್ನು ತರಿಸಿ ಓದಿಸಿದ. ಅದರಲ್ಲಿ ಸಾವಿರ ದೆಬೆನ್ ತೂಕದ ಬೆಳ್ಳಿ ಸಂದಾಯವಾದದ್ದು ಬರೆದಿತ್ತು. ಕಡೆಗೆ ಈಜಿಪ್ಟಿನಿಂದ ಸರಕು ಬಂತು: ಬಂಗಾರ, ಬೆಳ್ಳಿ, ನಾರುಮಡಿ, 500 ಎತ್ತಿನ ಚರ್ಮ, 500 ಹಗ್ಗ, ಬೇಳೆ, ಮೀನು. ಜೊತೆಗೆ 500 ಪ್ಯಾಪಿರಸ್ ಸುರುಳಿ.

ನೋಡಿ, ಪ್ಯಾಪಿರಸ್ ಬಿಬ್ಲೋಸಿಗೆ ಬರುತ್ತಿತ್ತೆಂಬುದಕ್ಕೆ ಸಾಕ್ಷಿ ಸಿಕ್ಕಿತು ಎಂದು ನಾನೂ ಹಿಗ್ಗಿದವನೇ. ಆದರೆ ಇನ್ನೊಂದು ಅನುವಾದವನ್ನು ಎದುರಿಟ್ಟುಕೊಂಡು ನೋಡಿದಾಗ ಆ ಸ್ಥಳದಲ್ಲಿ ಪ್ಯಾಪಿರಸ್ ಇರಲಿಲ್ಲ. ‘ನಯವಾದ ನಾರಿನ ಚಾಪೆ 500’ ಎಂದಿತ್ತು. ಮೂಲದ ಆ ಮಾತನ್ನು ಹಿಂದಿನ ವಿದ್ವಾಂಸರು ಒಂದು ಬಗೆಯಾಗಿ ಓದಿದರೆ ಅನಂತರದವರು ಇನ್ನೊಂದು ಬಗೆಯಾಗಿ ಓದುತ್ತಾರೆ. ಅಷ್ಟೇ ಅಲ್ಲ, ಇಡೀ ಬರಹ ನಿಜವಾದ ವರದಿಯೋ ಕಲ್ಪಿತ ಕಥೆಯೋ ಎಂಬುದರಲ್ಲಿಯೂ ಭಿನ್ನಾಭಿಪ್ರಾಯವಿದೆ. 1890ರಲ್ಲಿ ಈಜಿಪ್ಟಿನ ಎಲ್-ಹೀಬಾ ಎಂಬಲ್ಲಿ ದೊರೆತ ಆ ಸುರುಳಿ ಈಗ ಮಾಸ್ಕೋ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅರಸನ ಲೆಕ್ಕದ ಸುರುಳಿಗಳ ಮಾತು ಮಾತ್ರ ಉಳಿಯುತ್ತದೆ: ಗುಬ್ಲದಲ್ಲಿ ಲಿಖಿತ ದಾಖಲೆಯಿತ್ತು, ಅದನ್ನು ತಲೆಮಾರುಗಳ ಕಾಲ ಕಾಪಾಡುತ್ತಿದ್ದರು ಎಂಬಷ್ಟನ್ನು ಕಥೆಗಾರನೂ ಸಹಜವೆಂದು ಎಣಿಸಿದ್ದ.

ಹಾಗಾದರೆ ಆ ಊರಿನಲ್ಲಿಯೇ ಅಗೆದಾಗ ಏನು ದೊರೆಯಿತು? 1860ರಲ್ಲಿ ಫ್ರಾನ್ಸಿನ ಅರ್ನೆಸ್ಟ್ ರೆನಾನ್ ಅಲ್ಲಿಗೆ ಬಂದ. 1921ರಿಂದ ಪಿಯೆರ್ ಮೊಂತೆ, 1926ರಿಂದ ಮೊರಿಸ್ ದ್ಯುನಾನ್ ಉತ್ಖನನ ನಡೆಸಿದರು. ಬರಹಗಳು ಸಿಕ್ಕವು, ಆದರೆ ಅವು ಕಲ್ಲಿನ ಮೇಲೆ, ಕಂಚಿನ ಫಲಕದ ಮೇಲೆ. ಕಡಲತೀರದ ತೇವದಲ್ಲಿ ಪ್ಯಾಪಿರಸ್ ಬಾಳುವುದಿಲ್ಲ. ನಮ್ಮ ಕರಾವಳಿಯ ಮನೆಗಳ ಅಟ್ಟದಲ್ಲಿ ತಾಳೆಗರಿಯ ಕಟ್ಟುಗಳ ಗತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಕಂಚಿನ ಫಲಕಗಳ ಲಿಪಿ ಈಜಿಪ್ಟಿನ ಚಿತ್ರಲಿಪಿಯನ್ನು ದೂರದಿಂದ ಹೋಲುತ್ತದೆ. ದ್ಯುನಾನ್ 1945ರಲ್ಲಿ ಅದನ್ನು ಪ್ರಕಟಿಸಿದ. ಎಷ್ಟೋ ಜನ ಪ್ರಯತ್ನಿಸಿದರೂ ಎಲ್ಲರೂ ಒಪ್ಪುವಂತೆ ಅದನ್ನು ಯಾರೂ ಓದಿಲ್ಲ. ಇನ್ನು ಕ್ರಿ.ಪೂ. ಹದಿನಾಲ್ಕನೆಯ ಶತಮಾನದ ರಿಬ್-ಹದ್ದ ಎಂಬ ಅರಸ ಈಜಿಪ್ಟಿನ ಫೆರೋವಿಗೆ ಬರೆದ ಸುಮಾರು 60 ಪತ್ರಗಳು 1887ರಲ್ಲಿ ಈಜಿಪ್ಟಿನ ಅಮರ್ನದಲ್ಲಿ ಬೆಳಕಿಗೆ ಬಂದ ಪತ್ರರಾಶಿಯಲ್ಲಿವೆ. ಶತ್ರುಗಳು ಮುತ್ತಿದ್ದಾರೆ, ಧಾನ್ಯವಿಲ್ಲ, ಪಂಜರದ ಹಕ್ಕಿಯಂತಾಗಿದ್ದೇನೆ, ಸೈನ್ಯ ಕಳುಹಿಸು ಎಂಬ ಒಂದೇ ಮೊರೆ. ಹಲವು ಪತ್ರಗಳ ಆರಂಭದಲ್ಲಿ ಊರದೇವತೆಯಾದ ‘ಗುಬ್ಲದೊಡತಿ’ಯ ಹೆಸರಿನಲ್ಲಿ ಫೆರೋವಿಗೆ ಶುಭಾಶಯ. ಸೈನ್ಯ ಬರಲಿಲ್ಲ. ನೆರವು ಕೇಳಲು ಬೇರೂತಿಗೆ ಹೋದ ಅರಸ ಹಿಂದಿರುಗುವಷ್ಟರಲ್ಲಿ ಒಡಹುಟ್ಟಿದ ತಮ್ಮನೇ ಊರಬಾಗಿಲು ಮುಚ್ಚಿದ್ದ. ಆ ಪತ್ರಗಳೆಲ್ಲ ಹಸಿಮಣ್ಣಿನ ಹಲಗೆಯ ಮೇಲೆ ಬರೆದವು. ಮಣ್ಣಾಗಿದ್ದರಿಂದಲೇ ಉಳಿದವು.

1922ರಲ್ಲಿ ಕಡಲಂಚಿನ ಬಂಡೆ ಕುಸಿದು ಅರಸರ ಗೋರಿಗಳು ಕಾಣಿಸಿಕೊಂಡವು. ಮರುವರ್ಷ ಮೊಂತೆ ತೆರೆದ ಗೋರಿಯಲ್ಲಿ ಅಹೀರಾಮ್ ಎಂಬ ಅರಸನ ಕಲ್ಲಿನ ಶವಪೆಟ್ಟಿಗೆಯಿತ್ತು. ಅದರ ಅಂಚಿನಲ್ಲಿ ಕೆತ್ತಿದ ಶಾಸನ ಸುಮಾರು ಕ್ರಿ.ಪೂ. 1000ದ್ದೆಂದು ಬಹುಮಂದಿ ಎಣಿಸುತ್ತಾರೆ. 22 ಅಕ್ಷರಗಳ ಫಿನೀಷಿಯನ್ ವರ್ಣಮಾಲೆಯ ದೀರ್ಘ ಶಾಸನಗಳಲ್ಲಿ ಇದು ಅತ್ಯಂತ ಹಳೆಯದರ ಪೈಕಿ. ಗೋರಿಯನ್ನು ಕೆಡಿಸಿದವನ ರಾಜದಂಡ ಮುರಿಯಲಿ, ಸಿಂಹಾಸನ ಉರುಳಲಿ ಎಂಬ ಶಾಪಾಶಯ ಅದರಲ್ಲಿದೆ. ನಮ್ಮ ದಾನಶಾಸನಗಳ ಕೊನೆಯ ಸಾಲುಗಳನ್ನು ಓದಿದವರಿಗೆ ಪರಿಚಿತವಾದ ಧಾಟಿ. ಗ್ರೀಕರು ಅಕ್ಷರ ಕಲಿತದ್ದು ಈ ಫಿನೀಷಿಯನ್ನರಿಂದ. ಹಿರಡೋಟಸನೇ ಅಕ್ಷರಗಳನ್ನು ‘ಫಿನೀಷಿಯನ್’ ಎಂದು ಕರೆಯುತ್ತಿದ್ದರೆಂದು ಹೇಳುತ್ತಾನೆ. ಆದುದರಿಂದ ಗ್ರಂಥಕ್ಕೂ ಈ ಊರಿಗೂ ಸಂಬಂಧವಿಲ್ಲವೆಂದಲ್ಲ. ಸಂಬಂಧವಿರುವುದು ಅಕ್ಷರದ ಮೂಲಕ; ಹೆಸರಿನ ಮೂಲಕ ಹೌದೇ ಎಂಬುದಷ್ಟೇ ಪ್ರಶ್ನೆ. ಲೆಬನಾನಿನಲ್ಲಿ 1975ರಿಂದ 1990ರವರೆಗೆ ಅಂತರ್ಯುದ್ಧ ನಡೆದಾಗ ಬೇರೂತಿನ ವಸ್ತುಸಂಗ್ರಹಾಲಯದವರು ಅಲುಗಿಸಲಾಗದ ಶವಪೆಟ್ಟಿಗೆಗಳ, ಶಿಲ್ಪಗಳ ಸುತ್ತ ಕಾಂಕ್ರೀಟಿನ ಗೋಡೆ ಹಾಕಿ ಅವನ್ನು ಉಳಿಸಿದರು. ಅಹೀರಾಮನ ಶವಪೆಟ್ಟಿಗೆ ಈಗಲೂ ಆ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ಪಂಡಿತರ ಸೂತ್ರಕ್ಕೆ ಬರೋಣ. ಗ್ರೀಕಿನಲ್ಲಿ ಗಕಾರ ಬಕಾರವಾಗುವುದು ಇಲ್ಲವೇ ಇಲ್ಲವೇನು? ಉಂಟು, ಅದೂ ಸಂಸ್ಕೃತ ಬಲ್ಲವರಿಗೆ ಕಣ್ಣಿಗೆ ಕಟ್ಟುವಂತೆ. ನಮ್ಮ ‘ಗೌಃ’ ಗ್ರೀಕಿನಲ್ಲಿ ‘ಬೌಸ್’. ನಮ್ಮ ‘ಗಮ್’ ಧಾತುವಿಗೆ ಗ್ರೀಕಿನ ‘ಬೈನೋ’ ಬಂಧು. ಇದನ್ನು ಕಂಡಾಗ, ಸಿಕ್ಕಿತು ಸೂತ್ರ, ಗುಬ್ಲವೂ ಹೀಗೆಯೇ ಬುಬ್ಲೋಸ್ ಆಯಿತೆಂದು ಬರೆಯಲು ಲೇಖನಿ ಎತ್ತಿದ್ದೆ. ಆದರೆ ಸೂತ್ರಕ್ಕೆ ಅಪವಾದಸೂತ್ರ ಇರುತ್ತದೆಂಬುದು ವ್ಯಾಕರಣ ಓದಿದವನಿಗೆ ನೆನಪಿರಬೇಕಾಗಿತ್ತು. ಈ ಪದಗಳ ಮೂಲದಲ್ಲಿದ್ದದ್ದು ಬರಿಯ ಗಕಾರವಲ್ಲ, ತುಟಿ ದುಂಡಾಗಿಸಿ ನುಡಿಯುವ ‘ಗ್ವ’ದಂಥ ಧ್ವನಿ. ಅದು ಗ್ರೀಕಿನಲ್ಲಿ ಬಕಾರವಾಯಿತು; ಆದರೆ ಮುಂದೆ ಉಕಾರವಿದ್ದರೆ ಆಗಲಿಲ್ಲ, ಗಕಾರವಾಗಿಯೇ ನಿಂತಿತು. ಹೆಂಗಸು ಎಂಬರ್ಥದ ಗ್ರೀಕ್ ಪದ ‘ಗುನೇ’ ಅದಕ್ಕೆ ಸಾಕ್ಷಿ. ಗುಬ್ಲದಲ್ಲಿ ಗಕಾರದ ಮುಂದೆ ಇರುವುದು ಉಕಾರವೇ. ಸೂತ್ರ ಇಲ್ಲಿ ಹತ್ತುವುದಿಲ್ಲ. ಪಂಡಿತರ ಸಂಶಯ ಸಾಧುವಾದದ್ದು.

ಉಳಿದ ದಾರಿಗಳು ಎರಡು. ಒಂದು, ಮುಂದಿನ ಅಕ್ಷರ ಹಿಂದಿನದನ್ನು ತನ್ನಂತೆ ಮಾಡಿಕೊಂಡಿತೆನ್ನುವುದು. ಮಕ್ಕಳ ಬಾಯಲ್ಲಿ ‘ಕತ್ತಿ’ ಎಂಬುದು ‘ತತ್ತಿ’ಯಾಗುತ್ತದೆ, ಹಾಗೆ ಎರಡನೆಯ ಬಕಾರದ ಸೆಳೆತಕ್ಕೆ ಮೊದಲ ಗಕಾರವೂ ಬಕಾರವಾಗಿ ಗುಬ್ಲ ‘ಬುಬ್ಲ’ವಾಯಿತು. ಪರದೇಶದ ಹೆಸರನ್ನು ನಾವಿಕರು ನುಡಿಯುವಾಗ ಇದು ಅಸಂಭವವೇನಲ್ಲ. ಆದರೆ ಇದು ಸೂತ್ರವಲ್ಲ, ಸಂಭಾವನೆ. ಎರಡನೆಯ ದಾರಿ ಸಂಬಂಧವನ್ನೇ ತಿರುಗಿಸುತ್ತದೆ: ನಾರಿನ ಗಿಡಕ್ಕೆ ‘ಬುಬ್ಲೋಸ್’ ಎಂಬ ಹೆಸರು ಗ್ರೀಕರಲ್ಲಿ ಮೊದಲೇ ಇತ್ತು, ಅದರ ಮೂಲ ತಿಳಿಯದು, ಆ ಸರಕು ಬರುವ ದಿಕ್ಕಿನಲ್ಲಿದ್ದ ಗುಬ್ಲ ಎಂಬ ಅಪರಿಚಿತ ಹೆಸರನ್ನು ತಮಗೆ ಪರಿಚಿತವಾದ ಪದಕ್ಕೆ ಹೊಂದಿಸಿಕೊಂಡರು. ಎಂದರೆ ಊರು ಕಾಗದಕ್ಕೆ ಹೆಸರು ಕೊಡಲಿಲ್ಲ; ಕಾಗದದ ಹೆಸರೇ ಊರಿಗೆ ಅಂಟಿತು.

ನನಗೆ ಈ ಎರಡನೆಯದೇ ಹೆಚ್ಚು ಒಪ್ಪತಕ್ಕದ್ದೆಂದು ತೋರುತ್ತದೆ. ಕಾರಣ ಹೇಳುತ್ತೇನೆ. ಹೋಮರನ ಒಡಿಸ್ಸಿಯ ಇಪ್ಪತ್ತೊಂದನೆಯ ಸರ್ಗದಲ್ಲಿ ಈ ಪದದ ಕುಟುಂಬಕ್ಕೆ ಸೇರಿದ ಮಾತೊಂದು ಬರುತ್ತದೆ. ಅಲ್ಲಿ ಅದು ಗ್ರಂಥಕ್ಕೂ ಅಲ್ಲ, ಕಾಗದಕ್ಕೂ ಅಲ್ಲ. ಅಂಗಳದ ಬಾಗಿಲನ್ನು ಬಿಗಿಯಲು ಬಳಸಿದ ಹಡಗಿನ ಹಗ್ಗಕ್ಕೆ ವಿಶೇಷಣ. ಗ್ರೀಕರಿಗೆ ಈ ನಾರು ಮೊದಲು ಪರಿಚಯವಾದದ್ದು ಬರೆಯುವವರ ಕೈಯಲ್ಲಿ ಅಲ್ಲ, ನಾವಿಕರ ಕೈಯಲ್ಲಿ ಎಂದು ಇದರಿಂದ ಊಹಿಸಬಹುದು. ವೆನಾಮೂನನ ಪಟ್ಟಿಯಲ್ಲಿಯೂ 500 ಹಗ್ಗಗಳಿವೆ; ಅದರ ಬಗ್ಗೆ ಅನುವಾದಕರಲ್ಲಿ ಜಗಳವಿಲ್ಲ! ಕ್ರಿ.ಪೂ. ಐದನೆಯ ಶತಮಾನದ ಹಿರಡೋಟಸನಿಗೆ ಬುಬ್ಲೋಸ್ ಎಂಬುದು ಈಜಿಪ್ಟಿನ ಜನ ಬುಡವನ್ನು ಸುಟ್ಟು ತಿನ್ನುವ ಗಿಡ. ಥಿಯೊಫ್ರಾಸ್ಟಸನು ಅದರ ನಾರಿನಿಂದ ಹಾಯಿ, ಚಾಪೆ ಹೆಣೆಯುತ್ತಿದ್ದರೆನ್ನುತ್ತಾನೆ. ಹಗ್ಗ, ಆಹಾರ, ಹಾಯಿ, ಚಾಪೆ, ಹಾಳೆ ಎಲ್ಲಕ್ಕೂ ಒಂದೇ ಮಾತು ಹರಡಿಕೊಂಡಿರುವಾಗ, ಅದು ಒಂದು ರೇವಿನಲ್ಲಿ ಮಾರಿದ ಕಾಗದದ ಮುದ್ರೆಯಿಂದ ಬಂದದ್ದೆನ್ನುವುದಕ್ಕಿಂತ ಗಿಡದ ಹೆಸರೇ ಮೂಲವೆನ್ನುವುದು ಸಹಜ. ಇದು ನನ್ನ ಅಭಿಪ್ರಾಯ. ಮೊದಲಿನ ಮತವನ್ನು ಹಿಡಿದ ಹಿರಿಯ ವಿದ್ವಾಂಸರೂ ಇದ್ದಾರೆ, ನಿಘಂಟುಗಳೂ ಇವೆ.

ಎರಡು ಹೆಸರುಗಳು ಒಮ್ಮೆ ಕೂಡಿಕೊಂಡ ಮೇಲೆ ಗ್ರೀಕರೇ ಅವನ್ನು ಬಿಡಿಸಲಾರದೆ ಹೋದರು. ಎರಡನೆಯ ಶತಮಾನದ ಲೂಸಿಯನ್ ಬಿಬ್ಲೋಸಿಗೆ ಹೋಗಿದ್ದ. ಅಲ್ಲಿ ಅಡೋನಿಸನ ಉತ್ಸವ. ಪ್ರತಿವರ್ಷ ಈಜಿಪ್ಟಿನಿಂದ ಒಂದು ತಲೆ ಕಡಲಲ್ಲಿ ಏಳು ದಿನ ತೇಲಿ, ದಾರಿತಪ್ಪದೆ ನೇರವಾಗಿ ಬಿಬ್ಲೋಸಿಗೆ ಬಂದು ಸೇರುತ್ತದೆ ಎಂದು ಬರೆದು, ಆ ‘ಬಿಬ್ಲಿನೆ’ ತಲೆಯನ್ನು ತಾನೇ ಕಂಡೆನೆನ್ನುತ್ತಾನೆ. ಬಿಬ್ಲೋಸ್ ಊರಿನ ತಲೆಯೋ, ಪ್ಯಾಪಿರಸ್ಸಿನಿಂದ ಮಾಡಿದ ತಲೆಯೋ? ಲೂಸಿಯನ್ ಕೀಟಲೆಯ ಮನುಷ್ಯ; ಎರಡೂ ಇರಲಿ ಎಂದೇ ಆ ಮಾತನ್ನು ಆರಿಸಿರಬೇಕು. ನಮ್ಮ ಕವಿಗಳಿಗೆ ಇದು ಶ್ಲೇಷೆ.

ಗ್ರಂಥದಿಂದ ಬೈಬಲ್ಲಿಗೆ ಬಂದ ದಾರಿ ಇಷ್ಟು ತೊಡಕಿನದಲ್ಲ. ‘ಬಿಬ್ಲಿಯೊನ್’ ಏಕವಚನ, ‘ಬಿಬ್ಲಿಯ’ ಬಹುವಚನ. ಗ್ರೀಕ್ ಮಾತನಾಡುವ ಯೆಹೂದ್ಯರೂ ಆಮೇಲೆ ಕ್ರೈಸ್ತರೂ ತಮ್ಮ ಪವಿತ್ರ ಬರಹಗಳನ್ನು ‘ಗ್ರಂಥಗಳು’ ಎಂದೇ ಕರೆದರು. ಅವು ಬೇರೆಬೇರೆ ಸುರುಳಿಗಳಾಗಿದ್ದವಷ್ಟೆ. ನಾಲ್ಕನೆಯ ಶತಮಾನದ ಜೆರೋಮ್ ಅದನ್ನು ದೈವಿಕವಾದ ಗ್ರಂಥಭಂಡಾರ ಎಂದ. ಸುರುಳಿ ಹೋಗಿ ಹೊಲಿದ ಪುಸ್ತಕ ಬಂದು, ಎಲ್ಲವೂ ಒಂದೇ ರಟ್ಟಿನೊಳಗೆ ಕೂಡಿದ ಮೇಲೆ, ಲ್ಯಾಟಿನ್ನಿನವರು ಆ ನಪುಂಸಕ ಬಹುವಚನವನ್ನು ಸ್ತ್ರೀಲಿಂಗ ಏಕವಚನವೆಂದು ತಿಳಿದರು. ವಸ್ತು ಒಂದಾಯಿತು, ವಚನವೂ ಒಂದಾಯಿತು. ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಹೋಯಿತು. ಇಂಗ್ಲಿಷಿನ ದೀರ್ಘ ಈಕಾರ ಕಾಲಕ್ರಮದಲ್ಲಿ ಐಕಾರವಾದ್ದರಿಂದ ‘ಬೀಬಲ್’ ಹೋಗಿ ‘ಬೈಬಲ್’ ಆಯಿತು. ನಾವು ಹಿಡಿದದ್ದು ಆ ಕೊನೆಯ ರೂಪವನ್ನು. ಮಂಗಳೂರಿನ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ತಮ್ಮ ಮನೆಮಾತಿನಲ್ಲಿ ‘ಬೀಬೆಲ್’ ಎನ್ನುತ್ತಿದ್ದವರೇ. ಕನ್ನಡ ಕ್ರೈಸ್ತರ ಬಳಕೆಯಲ್ಲಿ ‘ಸತ್ಯವೇದ’ ಎಂಬ ಮಾತು ನೆಲೆನಿಂತದ್ದರಿಂದ ನಮ್ಮಲ್ಲಿ ಈ ಅಲೆದಾಡಿದ ಪದದ ಜೊತೆಗೆ ಕೇಳಿದೊಡನೆ ಅರ್ಥವಾಗುವ ಇನ್ನೊಂದು ಪದವೂ ಉಂಟು.

ಬರೆಯುವ ಸಾಮಗ್ರಿಯೇ ಬರಹದ ಹೆಸರಾಗುವುದು ಗ್ರೀಕರಿಗೆ ಮಾತ್ರ ಮೀಸಲಲ್ಲ. ಲ್ಯಾಟಿನ್ನಿನ ‘ಲಿಬೆರ್’ ಮರದ ಒಳತೊಗಟೆ. ನಮ್ಮ ‘ಓಲೆ’ ತಾಳೆಯ ಗರಿ. ಅದೇ ಕಾಗದವೂ ಆಯಿತು, ಹೆಂಗಸರ ಕಿವಿಯ ಆಭರಣವೂ ಆಯಿತು. ‘ಗ್ರಂಥ’ದಲ್ಲಿರುವುದು ಕಟ್ಟುವ, ಗಂಟುಹಾಕುವ ಅರ್ಥ. ‘ಕಡತ’ ಎಂಬುದು ಹುಣಿಸೆಬೀಜದ ಸರಿ, ಇದ್ದಲಿನ ಮಸಿ ಬಳಿದು ಮಡಿಸಿದ ಬಟ್ಟೆ, ಬಳಪದಿಂದ ಬರೆಯುತ್ತಿದ್ದದ್ದು. ಇಂದು ಅದು ಕಚೇರಿಯ ಮೇಜಿನಿಂದ ಮೇಜಿಗೆ ನಿಧಾನವಾಗಿ ಸಾಗುವ ಕಾಗದದ ಕಟ್ಟು.

ಬೈಬಲ್ಲಿನಲ್ಲಿಯೇ ಈ ಊರು ಏನೆಂದು ಬಂದಿದೆ ಎಂದು ಹುಡುಕಿದರೆ ಒಂದು ವಿನೋದ ಎದುರಾಗುತ್ತದೆ. ಹೀಬ್ರೂ ಮೂಲದಲ್ಲಿ ಬಿಬ್ಲೋಸ್ ಎಂಬ ಹೆಸರೇ ಇಲ್ಲ. ಇರುವುದು ಗೆಬಲ್, ಅದೂ ಕೆಲವೇ ಕಡೆ. ಯೆಹೆಜ್ಕೇಲನ ಗ್ರಂಥದಲ್ಲಿ ಗೆಬಲಿನ ಹಿರಿಯರು ತೂರ್ ಪಟ್ಟಣದ ಹಡಗಿನ ಸಂದುಗಳನ್ನು ಮುಚ್ಚುವ ಕುಶಲಿಗಳು. ಅರಸುಗಳ ಮೊದಲನೆಯ ಗ್ರಂಥದಲ್ಲಿ ಸೊಲೊಮೋನನ ದೇವಾಲಯಕ್ಕೆ ಮರವನ್ನೂ ಕಲ್ಲನ್ನೂ ಸಿದ್ಧಮಾಡಿದವರಲ್ಲಿ ಗೆಬಲಿನವರಿದ್ದಾರೆ. 1611ರ ಪ್ರಸಿದ್ಧ ಇಂಗ್ಲಿಷ್ ಅನುವಾದಕರು ಇಲ್ಲಿ ಊರನ್ನು ಗುರುತಿಸದೆ ‘ಕಲ್ಲನ್ನು ಚೌಕಮಾಡುವವರು’ ಎಂದು ಬರೆದರು! ಹಡಗು, ಮರ, ಕಲ್ಲು. ಪುಸ್ತಕದ ಮಾತು ಎಲ್ಲಿಯೂ ಇಲ್ಲ.

ಪಂಡಿತರು ಕೇಳಿದ ಸೂತ್ರವೊಂದು ಕಡೆಗೂ ಸಿಕ್ಕಿತು. ಅದು ಗ್ರೀಕಿನದಲ್ಲ. ಗ್ರೀಕರು ಹೋದರು, ರೋಮನರು ಹೋದರು, ಅರಬರು ಬಂದರು. ಹನ್ನೆರಡನೆಯ ಶತಮಾನದಲ್ಲಿ ಶಿಲುಬೆಯ ಯೋಧರು ಅಲ್ಲಿ ಕೋಟೆ ಕಟ್ಟಿ ಊರಿನ ಹೆಸರನ್ನು ತಮ್ಮ ಬಾಯಿಗೆ ಬಂದಂತೆ ತಿರುಚಿಕೊಂಡರು. ‘ಬಿಬ್ಲೋಸ್’ ಎಂಬುದು ಪ್ರವಾಸಿಗಳ, ಪುಸ್ತಕಗಳ ಹೆಸರಾಗಿ ಉಳಿಯಿತು. ಊರಿನವರು ಮಾತ್ರ ಇಂದಿಗೂ ಅದನ್ನು ‘ಜುಬೈಲ್’ ಎನ್ನುತ್ತಾರೆ, ಆಡುಮಾತಿನಲ್ಲಿ ‘ಜ್ಬೈಲ್’. ಹಳೆಯ ಸೆಮಿಟಿಕ್ ಗಕಾರ ಅರಬ್ಬಿಯಲ್ಲಿ ಜಕಾರವಾಗುವುದು ನಿಯಮ. ಒಂಟೆ ಹೀಬ್ರೂವಿನಲ್ಲಿ ‘ಗಮಾಲ್’, ಅರಬ್ಬಿಯಲ್ಲಿ ‘ಜಮಲ್’. ಗ್-ಬ್-ಲ್ ಜ್-ಬ್-ಲ್ ಆಯಿತು, ಮೂರು ವ್ಯಂಜನಗಳೂ ತಮ್ಮ ತಮ್ಮ ಸ್ಥಾನದಲ್ಲಿವೆ. ಅರಬ್ಬಿ ಕಿವಿಗೆ ಆ ಪದ ಈಗಲೂ ‘ಚಿಕ್ಕ ಬೆಟ್ಟ’ ಎಂದು ಕೇಳಿಸುತ್ತದೆ.

ಇದಕ್ಕೆ ಲಕ್ಷ್ಯವೂ ಉಂಟು, ಲಕ್ಷಣವೂ ಉಂಟು. ಪಂಡಿತರಿಗೆ ಇಂದು ಬೆಳಗ್ಗೆ ಒಂದು ಕಾರ್ಡು ಹಾಕಿದ್ದೇನೆ: ಬೈಬಲ್ ಎಂಬ ಮಾತಿನಲ್ಲಿ ಆ ಊರು ಇದೆಯೆಂದು ಇನ್ನು ಮುಂದೆ ಖಂಡಿತವಾಗಿ ಹೇಳುವುದಿಲ್ಲ, ವಿವರ ಬೇಕಾದರೆ ರೇಡಿಯೋ ಕೇಳುವುದು ಎಂದು.